ಆಮ್ಲಜನಕ ಆಮ್ಲದ ಜನಕನೇ?

ಆಮ್ಲಜನಕಕ್ಕೆ ಆ ಹೆಸರೇಕೆ ಬಂತು ಎಂದು ಕೇಳಿದರೆ, ‘ಆಮ್ಲವನ್ನು ಹುಟ್ಟಿಸುವುದರಿಂದ’ ಎಂದು ಜಾಣ ವಿದ್ಯಾರ್ಥಿ ಥಟ್ಟನೆ ಉತ್ತರಿಸುತ್ತಾನೆ. ಪದದ ಮಟ್ಟಿಗೆ ಈ ಉತ್ತರ ಸರಿ. ರಸಾಯನ ವಿಜ್ಞಾನದ ಮಟ್ಟಿಗೆ?

ಆಕ್ಸಿಜನ್ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ‘ಆಕ್ಸಿಸ್’ ಎಂದರೆ ಹರಿತವಾದದ್ದು, ಹುಳಿಯಾದದ್ದು. ‘ಜೆನ್’ ಎಂಬುದು ಹುಟ್ಟನ್ನು ಸೂಚಿಸುವ ಧಾತು. ಇದೂ ಸಂಸ್ಕೃತದ ‘ಜನ್’ ಧಾತುವೂ ಒಂದೇ ಮೂಲದವು. ಹಾಗಾಗಿ ‘ಆಮ್ಲಜನಕ’ ಎಂಬುದು ಆ ಹೆಸರಿನ ಯಥಾವತ್ತಾದ ಅನುವಾದ. ಹೈಡ್ರೊಜನ್ ‘ಜಲಜನಕ’ವಾದದ್ದೂ ಹೀಗೆಯೇ.

ಇಂಗ್ಲೆಂಡಿನ ಪ್ರೀಸ್ಟ್ಲಿ 1774ರಲ್ಲಿ ಪಾದರಸದ ಕೆಂಪು ಭಸ್ಮವನ್ನು ಭೂತಗನ್ನಡಿಯಿಂದ ಕಾಸಿ ಈ ಅನಿಲವನ್ನು ಪಡೆದ. ಸ್ವೀಡನ್ನಿನ ಷೀಲೆ ಅದಕ್ಕೂ ಮೊದಲೇ ಪಡೆದಿದ್ದರೂ ಪ್ರಕಟಿಸಿದ್ದು ತಡವಾಗಿ. ಹೆಸರಿಟ್ಟವನು ಮಾತ್ರ ಫ್ರಾನ್ಸಿನ ಲವಾಸಿಯೆ. ಗಂಧಕ, ರಂಜಕ, ಇಂಗಾಲಗಳು ಈ ಅನಿಲದಲ್ಲಿ ಉರಿದಾಗ ಉಂಟಾಗುವ ವಸ್ತುಗಳು ನೀರಿನಲ್ಲಿ ಕರಗಿ ಆಮ್ಲವಾಗುತ್ತವೆ. ಆದ್ದರಿಂದ ಎಲ್ಲ ಆಮ್ಲಗಳಿಗೂ ಇದೇ ಮೂಲವೆಂದು ಆತ ತೀರ್ಮಾನಿಸಿದ. ಅವನೂ ಮೂವರು ಸಂಗಡಿಗರೂ 1787ರಲ್ಲಿ ಪ್ರಕಟಿಸಿದ ನಾಮಕರಣ ಪದ್ಧತಿಯಲ್ಲಿ ಹೆಸರು ನೆಲೆಗೊಂಡಿತು.

ತೊಡಕು ಎದ್ದದ್ದು ಹೈಡ್ರೊಕ್ಲೋರಿಕ್ ಆಮ್ಲದಿಂದ. ಅದರಲ್ಲೂ ಆಮ್ಲಜನಕ ಇರಲೇಬೇಕೆಂದು ಎಲ್ಲರೂ ನಂಬಿದ್ದರು. ಆ ಆಮ್ಲದಿಂದ ದೊರೆಯುವ ಹಸಿರು ಅನಿಲದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಇದ್ದಿಲನ್ನು ಬೆಳ್ಳಗೆ ಕಾಯಿಸಿ ನೋಡಿದ. ಆಮ್ಲಜನಕದ ಸುಳಿವೇ ಇಲ್ಲ! 1810ರಲ್ಲಿ ಅದು ಮೂಲವಸ್ತುವೇ ಎಂದು ಸಾರಿ, ಬಣ್ಣವನ್ನೇ ಹಿಡಿದು ‘ಕ್ಲೋರಿನ್’ ಎಂದು ಕರೆದ. ತಪ್ಪನ್ನು ತಿದ್ದಿಕೊಳ್ಳಲು ಲವಾಸಿಯೆ ಇರಲಿಲ್ಲ. ಫ್ರಾನ್ಸಿನ ಕ್ರಾಂತಿಯಲ್ಲಿ, 1794ರಲ್ಲಿ, ಅವನ ತಲೆ ಉರುಳಿತ್ತು.

ನೀರಿನಲ್ಲಿ ಹೈಡ್ರೊಜನ್ ಅಯಾನು ಕೊಡುವುದೇ ಆಮ್ಲದ ಲಕ್ಷಣವೆಂದು ಶಾಲೆಯ ಪಾಠ ಹೇಳುತ್ತದೆ. ಹಾಗೆ ನೋಡಿದರೆ ‘ಆಮ್ಲಜನಕ’ ಎಂಬ ಹೆಸರು ಜಲಜನಕಕ್ಕೇ ಹೆಚ್ಚು ಒಪ್ಪುತ್ತಿತ್ತು!

ಶಾಲೆಯ ಪ್ರಯೋಗವೊಂದನ್ನು ನೆನೆಯಿರಿ. ಮೆಗ್ನೀಸಿಯಂ ಪಟ್ಟಿ ಉರಿದಾಗ ಆಮ್ಲಜನಕದೊಡನೆ ಕೂಡಿ ಬಿಳಿ ಬೂದಿಯಾಗುತ್ತದೆ. ಅದನ್ನು ನೀರಿನಲ್ಲಿ ಕದಡಿದರೆ ಕೆಂಪು ಲಿಟ್ಮಸ್ ಕಾಗದ ನೀಲಿಯಾಗುತ್ತದೆ. ಅಂದರೆ ಹುಟ್ಟಿದ್ದು ಆಮ್ಲವಲ್ಲ, ಪ್ರತ್ಯಾಮ್ಲ.

ಎರಡು ಶತಮಾನ ಬಳಸಿದ ಹೆಸರನ್ನು ಈಗ ಬದಲಿಸುವ ಅಗತ್ಯವಿಲ್ಲ. ಆದರೆ ಹೆಸರನ್ನೇ ವ್ಯಾಖ್ಯೆಯೆಂದು ಉರು ಹೊಡೆದ ವಿದ್ಯಾರ್ಥಿ, ‘ಎಲ್ಲ ಆಮ್ಲಗಳಲ್ಲೂ ಆಮ್ಲಜನಕವಿದೆ, ಸರಿಯೇ ತಪ್ಪೇ?’ ಎಂಬ ಪ್ರಶ್ನೆಗೆ ಸುಲಭವಾಗಿ ಎಡವುತ್ತಾನೆ. ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವ ಪೋಷಕರು ಪದದ ಅರ್ಥ ಕೇಳಿದ ಮೇಲೆ, ‘ಇದು ನಿಜವೇ? ಹೇಗೆ ಗೊತ್ತು?’ ಎಂದು ಇನ್ನೊಂದು ಪ್ರಶ್ನೆ ಕೇಳುವುದು ಒಳ್ಳೆಯದು.