ಮದ್ದಿನ ಮೇವು

ಮದ್ದೆಂಬ ಮಾತಿಗೆ ನಮ್ಮಲ್ಲಿ ಎರಡು ಮುಖಗಳುಂಟು. ಜ್ವರ ಬಂದವನಿಗೆ ಮದ್ದು ಕೊಡುವೆವು; ಹಗೆಯು ಮದ್ದಿಕ್ಕಿದನೆಂದೂ ಹೇಳುವೆವು. ಈ ಎರಡರ್ಥಗಳೂ ಒಂದೇ ವಸ್ತುವಿನಲ್ಲಿ ಕೂಡಿರುವುದಕ್ಕೆ ಕೋಳಿಯ ಮೇವೇ ನಿದರ್ಶನ.

ಹಿಂಡಾಗಿ ಸಾಕಿದ ಕೋಳಿಮರಿಗಳ ಕರುಳನ್ನು ಐಮೇರಿಯವೆಂಬ ಸೂಕ್ಷ್ಮ ಪರೋಪಜೀವಿಯು ಹೊಕ್ಕು ರಕ್ತಭೇದಿಯನ್ನುಂಟುಮಾಡುವುದು. ಇದನ್ನು ತಡೆಯಲು ಮಾಂಸದ ಕೋಳಿಗಳ ಮೇವಿನಲ್ಲಿ ಮೊನೆನ್ಸಿನ್ ಎಂಬ ಔಷಧವನ್ನು ಕಿಲೋಗ್ರಾಮಿಗೆ ೧೦೦ರಿಂದ ೧೨೫ ಮಿಲಿಗ್ರಾಮಿನಂತೆ ಬೆರೆಸುವುದುಂಟು. ಕೋಳಿಗೆ ಹಿತವಾದ ಇದೇ ಔಷಧವು ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸುವುದು. ಕುದುರೆಯ ಮೈತೂಕದ ಕಿಲೋಗ್ರಾಮಿಗೆ ೨-೩ ಮಿಲಿಗ್ರಾಂ ಸೇರಿದರೆ ಪ್ರಾಣಕ್ಕೆ ಅಪಾಯ. ಕೋಳಿಗಾದರೋ ಸುಮಾರು ೨೦೦ ಮಿಲಿಗ್ರಾಂ ಬೇಕು.

ಕುದುರೆಗೆ ಕೋಳಿಯ ಮೇವನ್ನು ಹಾಕುವವರಾರೆಂದು ವಾಚಕರು ಕೇಳಬಹುದು. ಮೆಣಸಿನಕಾಯಿ ಬೀಸಿದ ಗಿರಣಿಯಲ್ಲಿ ಕೂಡಲೇ ರಾಗಿ ಬೀಸಿಸಿದ ಗೃಹಿಣಿಯು ಇದಕ್ಕೆ ಉತ್ತರ ಹೇಳಬಲ್ಲಳು. ಮೇವಿನ ಕಾರ್ಖಾನೆಯಲ್ಲಿಯೂ ಹಿಂದಿನ ಮಿಶ್ರಣದ ಶೇಷವು ಯಂತ್ರದಲ್ಲಿ ಉಳಿದು ಮುಂದಿನ ಚೀಲಗಳಿಗೆ ಇಳಿಯುವುದು. ನಿಕಾರ್ಬಜಿನ್ ಎಂಬ ಇನ್ನೊಂದು ಔಷಧವು ಹೀಗೆ ಮೊಟ್ಟೆಯಿಡುವ ಕೋಳಿಗಳ ಮೇವಿಗೆ ಹೆಚ್ಚಾಗಿ ಬೆರೆತರೆ ಕಂದು ಮೊಟ್ಟೆಯ ಬಣ್ಣ ಮಾಸುವುದು, ಮೊಟ್ಟೆಯೊಡೆದು ಮರಿಯಾಗುವುದೂ ಕುಗ್ಗುವುದು. ಔಷಧದ ಅಂಶವು ಮೊಟ್ಟೆಯೊಳಗೂ ಸೇರುವುದು.

ಮೆಣಸಿನ ಘಾಟನ್ನು ಮೂಗು ಹಿಡಿದೀತು. ಈ ಶೇಷವು ಕಣ್ಣಿಗೂ ಮೂಗಿಗೂ ಅಗೋಚರ. ಐರೋಪ್ಯ ಒಕ್ಕೂಟವು ೨೦೦೯ರಲ್ಲಿ ಕುದುರೆಯ ಹಾಗೂ ಮೊಟ್ಟೆಕೋಳಿಯ ಮೇವಿನಲ್ಲಿ ಇಂತಹ ಮೊನೆನ್ಸಿನ್ ಶೇಷಕ್ಕೆ ಕಿಲೋಗ್ರಾಮಿಗೆ ೧.೨೫ ಮಿಲಿಗ್ರಾಮಿನ ಮಿತಿಯನ್ನು ವಿಧಿಸಿತು. ಹತ್ತು ಲಕ್ಷ ಪಾಲಿನಲ್ಲಿ ಒಂದೂಕಾಲು ಪಾಲು! ಇದನ್ನು ಅಳೆಯುವುದು ಪ್ರಯೋಗಶಾಲೆಯ ಕೆಲಸ. ಮೇವನ್ನು ನುಣ್ಣಗೆ ಪುಡಿಮಾಡಿ, ದ್ರಾವಕದಲ್ಲಿ ಔಷಧವನ್ನು ಸೆಳೆದು, ಸೋಸಿ, ಕ್ರೊಮಟೋಗ್ರಾಫ್ ಯಂತ್ರದಿಂದ ಬೇರ್ಪಡಿಸಿ, ಅಣುಗಳ ತೂಕದಿಂದ ಗುರುತಿಸುವರು.

ಆದರೆ ಯಂತ್ರವು ತನ್ನ ಮುಂದಿಟ್ಟ ಹಿಡಿಯನ್ನಷ್ಟೇ ಬಲ್ಲದು. ಶೇಷವು ಮೊದಲ ಚೀಲಗಳಲ್ಲಿ ಹೆಚ್ಚು, ಕಡೆಯವುಗಳಲ್ಲಿ ಕಡಮೆ. ಕಡೆಯ ಚೀಲದ ಹಿಡಿಯೊಂದನ್ನೇ ಕಳುಹಿಸಿ ನಿರ್ದೋಷಪತ್ರ ಪಡೆದವನು ಯಂತ್ರವನ್ನಲ್ಲ, ಕೊಳ್ಳುವವನನ್ನು ವಂಚಿಸಿದಂತಾಯಿತು. ಹಲವು ಚೀಲಗಳಿಂದ ತೆಗೆದು ಕಲಸಿದ ಮಾದರಿಯೇ ಸತ್ಯವನ್ನು ನುಡಿಯುವುದು. ಆದುದರಿಂದ ಮೇವು ಕೊಳ್ಳುವ ಗೃಹಸ್ಥರು ಪರೀಕ್ಷೆಯಾಯಿತೇ ಎಂದು ಕೇಳಿದರೆ ಸಾಲದು; ಮಾದರಿಯನ್ನು ಹೇಗೆ ತೆಗೆದರೆಂದೂ ಕೇಳಬೇಕೆಂಬುದು ನಮ್ಮ ಮತ. ಒಂದು ಪ್ರಾಣಿಗೆಂದು ಮಾಡಿದ ಮೇವನ್ನು ಇನ್ನೊಂದರ ಮುಂದೆ ಸುರಿಯದಿರುವ ಎಚ್ಚರಿಕೆಗಾದರೋ ಯಾವ ಯಂತ್ರವೂ ಬೇಡ.