ಕಿವಿಗೆ ಬಿದ್ದ ಸಾಕ್ಷ್ಯ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜೈಲೊಂದರಿಂದ ಕೈದಿಯೊಬ್ಬ, ಒಳಗೆ ಕದ್ದು ತರಿಸಿಕೊಂಡ ಮೊಬೈಲಿನಲ್ಲಿ ಮಾತಾಡುತ್ತಾನೆ. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣದ ವ್ಯಕ್ತಿ ನಾಲ್ಕು ಕೊಲೆಗಳನ್ನು ತನ್ನೆದುರು ಒಪ್ಪಿಕೊಂಡಿದ್ದಾನೆಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದವನು ಇವನೇ. ಈಗ, ಅದೆಲ್ಲ ಕಟ್ಟುಕತೆ ಎನ್ನುತ್ತಿದ್ದಾನೆ. ಈ ಮಾತು ದಾಖಲಾದದ್ದು ಪೊಲೀಸರ ಮುಂದಲ್ಲ, ವಕೀಲರ ಮುಂದೆಯೂ ಅಲ್ಲ. ಮೆಡಲೀನ್ ಬರಾನ್ ಅವರ ರೇಡಿಯೊ ತಂಡದ ಧ್ವನಿಮುದ್ರಣದಲ್ಲಿ.

ಬರಾನ್ ತನಿಖಾ ವರದಿಗಾರ್ತಿ. ಮಿನ್ನೆಸೊಟ ಪಬ್ಲಿಕ್ ರೇಡಿಯೊದಲ್ಲಿದ್ದಾಗ, 2013ರಲ್ಲಿ, ಸೇಂಟ್ ಪಾಲ್ ಮತ್ತು ಮಿನಿಯಾಪೊಲಿಸ್‌ನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯವು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಹೇಗೆ ಕಾಪಾಡಿಕೊಂಡು ಬಂದಿತ್ತು ಎಂಬುದನ್ನು ಒಂದೊಂದೇ ವರದಿಯಾಗಿ ಹೊರಗೆಡಹಿದರು. ಚರ್ಚಿನ ಆಡಳಿತದಲ್ಲೇ ಇದ್ದ ಜೆನಿಫರ್ ಹ್ಯಾಸಲ್‌ಬರ್ಗರ್ ಎಂಬ ಅಧಿಕಾರಿ ರಾಜೀನಾಮೆ ಕೊಟ್ಟು ಬಂದು ಬಾಯಿಬಿಟ್ಟಿದ್ದರು. ಮರುವರ್ಷ ಆ ವರದಿಗಳೆಲ್ಲ ಸೇರಿ ಒಂದು ರೇಡಿಯೊ ಸಾಕ್ಷ್ಯಚಿತ್ರವಾಯಿತು. 2015ರ ಜೂನ್‌ನಲ್ಲಿ ಆರ್ಚ್‌ಬಿಷಪ್ ರಾಜೀನಾಮೆ ಕೊಟ್ಟರು.

ಅಲ್ಲಿಂದ ಮುಂದೆ ಬರಾನ್ ದೀರ್ಘ ಧ್ವನಿಕಥನದ ಹಾದಿ ಹಿಡಿದರು. ‘ಇನ್ ದ ಡಾರ್ಕ್’ ಸರಣಿಯ ಮೊದಲ ಆವೃತ್ತಿ 2016ರಲ್ಲಿ ಬಂತು. ಜೇಕಬ್ ವೆಟರ್ಲಿಂಗ್ ಎಂಬ 11 ವರ್ಷದ ಹುಡುಗ 1989ರಲ್ಲಿ ಮಿನ್ನೆಸೊಟದ ಸಣ್ಣ ಊರಿನಿಂದ ಅಪಹರಣವಾಗಿದ್ದ. ಸರಣಿ ಆರಂಭವಾಗುವ ಹೊತ್ತಿಗೇ ಅಪರಾಧಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಬೇರೆಯವರಾಗಿದ್ದರೆ ಕತೆ ಕೈತಪ್ಪಿತೆಂದು ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರೇನೋ. ಬರಾನ್ ಹಿಡಿದಿದ್ದ ಪ್ರಶ್ನೆಯೇ ಬೇರೆ: ಇದನ್ನು ಪತ್ತೆ ಮಾಡಲು 27 ವರ್ಷ ಏಕೆ ಬೇಕಾಯಿತು? ಕೊಲೆಗಾರನ ಕತೆಗಿಂತ ವ್ಯವಸ್ಥೆಯ ಕತೆ ದೊಡ್ಡದು ಎಂಬ ಈ ಆಯ್ಕೆಯೇ ಅವರನ್ನು ರೋಚಕ ಕ್ರೈಂ ಕಾರ್ಯಕ್ರಮಗಳ ಸಂತೆಯಿಂದ ದೂರ ನಿಲ್ಲಿಸುತ್ತದೆ.

2018ರಲ್ಲಿ ಪ್ರಸಾರವಾದ ಎರಡನೆಯ ಆವೃತ್ತಿಯೇ ಫ್ಲವರ್ಸ್ ಪ್ರಕರಣ. 1996ರಲ್ಲಿ ವಿನೋನ ಎಂಬ ಊರಿನ ಪೀಠೋಪಕರಣದ ಅಂಗಡಿಯಲ್ಲಿ ನಾಲ್ವರ ಕೊಲೆಯಾಗಿತ್ತು. ಆ ಒಂದೇ ಪ್ರಕರಣಕ್ಕೆ ಒಬ್ಬನೇ ಪ್ರಾಸಿಕ್ಯೂಟರ್, ಡಗ್ ಎವನ್ಸ್, ಫ್ಲವರ್ಸ್‌ನನ್ನು ಆರು ಸಲ ವಿಚಾರಣೆಗೆ ಗುರಿಪಡಿಸಿದ್ದರು. ತಂಡ ಮಿಸಿಸಿಪ್ಪಿಯಲ್ಲೇ ಸುಮಾರು ಒಂದು ವರ್ಷ ಮನೆಮಾಡಿತು. ಕೋರ್ಟುಗಳ ಹಳೆಯ ಕಡತಗಳ ಲಕ್ಷಕ್ಕೂ ಮಿಕ್ಕ ಪುಟಗಳ ಚಿತ್ರ ತೆಗೆದುಕೊಂಡು, 225 ವಿಚಾರಣೆಗಳಲ್ಲಿ ಯಾರನ್ನು ಜ್ಯೂರಿಗೆ ತೆಗೆದುಕೊಂಡರು, ಯಾರನ್ನು ಕಳಿಸಿಬಿಟ್ಟರು ಎಂದು ಲೆಕ್ಕ ಹಾಕಿತು. ಎವನ್ಸ್ ಕಚೇರಿ ಕಪ್ಪು ಜನರನ್ನು ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಹೊರಗಿಟ್ಟಿತ್ತು.

2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಶಿಕ್ಷೆಯನ್ನು ರದ್ದುಮಾಡಿತು. ಆ ತೀರ್ಪನ್ನು ಬರಾನ್ ಖಾತೆಗೆ ಬರೆಯುವುದು ಸರಿಯಲ್ಲ, ವಕೀಲರ ಮೇಲ್ಮನವಿ ಮೊದಲೇ ನಡೆದಿತ್ತು. ಆದರೆ 2020ರ ಸೆಪ್ಟೆಂಬರಿನಲ್ಲಿ ಮಿಸಿಸಿಪ್ಪಿಯ ಅಟಾರ್ನಿ ಜನರಲ್ ಮೊಕದ್ದಮೆಯನ್ನೇ ಹಿಂತೆಗೆದುಕೊಂಡಾಗ ಕೊಟ್ಟ ಕಾರಣಗಳಲ್ಲಿ, ಆ ಕೈದಿ ಮಾತು ಬದಲಿಸಿದ್ದೂ ಒಂದು. ಫ್ಲವರ್ಸ್ ಕಂಬಿಯ ಹಿಂದೆ ಕಳೆದದ್ದು 23 ವರ್ಷಗಳ ಹತ್ತಿರ.

ಇಲ್ಲಿ ಧ್ವನಿಗೆ ಇರುವ ಬಲ ಏನೆಂಬುದನ್ನು ಗಮನಿಸಬೇಕು. ಸಾಕ್ಷಿ ಸುಳ್ಳು ಹೇಳಿದ್ದನೆಂದು ಪತ್ರಿಕೆ ಬರೆದರೆ ಓದುಗ ವರದಿಗಾರನನ್ನು ನಂಬಬೇಕು. ಧ್ವನಿಯಲ್ಲಾದರೆ ಆ ತಡವರಿಕೆ, ಆ ಮೌನ, ಪ್ರಶ್ನೆ ಕೇಳಿದ ರೀತಿ ಎಲ್ಲವೂ ಕೇಳುಗನ ಕಿವಿಗೇ ಬೀಳುತ್ತವೆ. ತೂಗಿ ನೋಡುವ ಕೆಲಸ ಅವನದೂ ಆಗುತ್ತದೆ.

ಇಂಥ ಕೆಲಸಕ್ಕೆ ತಗಲುವ ಬೆಲೆ ಕಾಲ. ವರ್ಷಗಟ್ಟಲೆ ಸಂಬಳ ಕೊಟ್ಟು ಕಾಯುವ ಸಂಸ್ಥೆ ಬೇಕು. ಜಾರ್ಜ್ ಪೋಲ್ಕ್ ಪ್ರಶಸ್ತಿ ಪಡೆದ ಮೊದಲ ಪಾಡ್‌ಕಾಸ್ಟ್ ಎನಿಸಿದ ಈ ಸರಣಿಯನ್ನೂ 2022ರಲ್ಲಿ ಅದರ ಸಂಸ್ಥೆ ಕೈಬಿಟ್ಟಿತು ಎಂಬುದು ನೋವಿನ ಸಂಗತಿ. ‘ದ ನ್ಯೂಯಾರ್ಕರ್’ ಪತ್ರಿಕೆ ಕೈಹಿಡಿಯದಿದ್ದರೆ, 2005ರಲ್ಲಿ ಇರಾಕಿನ ಹದೀಥಾದಲ್ಲಿ ಅಮೆರಿಕನ್ ಮೆರೀನ್ ಸೈನಿಕರು 24 ನಾಗರಿಕರನ್ನು ಕೊಂದು, ಯಾರೊಬ್ಬರೂ ಜೈಲು ಶಿಕ್ಷೆ ಅನುಭವಿಸದೆ ಹೋದ ಕತೆಯ ಮೂರನೆಯ ಆವೃತ್ತಿ ಬರುತ್ತಲೇ ಇರಲಿಲ್ಲ. ಸೇನೆ ಅಡಗಿಸಿಟ್ಟಿದ್ದ ಆ ಹತ್ಯೆಗಳ ಫೋಟೊಗಳಿಗಾಗಿ ತಂಡ ಕೋರ್ಟಿಗೆ ಹೋಯಿತು. ಫೋಟೊಗಳನ್ನು ಕೊಡಿ ಎಂದು ಹದೀಥಾದಲ್ಲಿ ಸತ್ತವರ ಬಂಧುಗಳೇ ಮನೆ ಮನೆಗೆ ತಿರುಗಿ ಸಹಿ ಸಂಗ್ರಹಿಸಿದರು. 2025ರಲ್ಲಿ ಈ ಕೆಲಸಕ್ಕೆ ಪುಲಿಟ್ಜರ್ ಬಂತು.

ಇಂಥ ರೇಡಿಯೊ ತನಿಖೆಗೆ ನಮ್ಮಲ್ಲಿ ಹಣಕ್ಕೂ ಮೊದಲು ನಿಯಮವೇ ಅಡ್ಡ ನಿಂತಿದೆ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು 2001ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆದರೂ ಖಾಸಗಿ ಎಫ್‌ಎಂ ಆಗಲಿ ಸಮುದಾಯ ಬಾನುಲಿಯಾಗಲಿ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಹಾಗೇ ಕೊಡಬಹುದು ಎಂಬುದು ಸರ್ಕಾರದ ನೀತಿ. ಟಿವಿಗೆ, ಪತ್ರಿಕೆಗೆ, ಮೊಬೈಲಿಗೆ ಇಲ್ಲದ ಈ ಕಟ್ಟು ರೇಡಿಯೊಗೆ ಮಾತ್ರ ಏಕೆ? ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರಲ್ಲಿ ಶಿಫಾರಸು ಮಾಡಿತು. ಅಷ್ಟರಲ್ಲಿ ಮುಖ್ಯಾಂಶ ಓದಬಹುದು, ಒಂದು ತನಿಖೆಯನ್ನು ಬಿಡಿಸಿ ಹೇಳಲಾಗದು. ನಿಮಿಷದ ಲೆಕ್ಕ ಬಿಟ್ಟು ಬಾಗಿಲನ್ನೇ ತೆರೆಯಬೇಕು, ಅದೂ ಸಮುದಾಯ ಬಾನುಲಿಯಿಂದಲೇ ಮೊದಲಾಗಬೇಕು. ಊರಿನ ಪಡಿತರ ಎಲ್ಲಿ ಸೋರಿತು, ಕೆರೆಯ ಹೂಳು ಯಾರ ಲೆಕ್ಕದಲ್ಲಿ ತೆಗೆಯಲಾಯಿತು ಎಂದು ಕೇಳಬಲ್ಲವರು ಆ ಊರಿನಲ್ಲೇ ಮೈಕ್ ಹಿಡಿದು ಕೂತಿದ್ದಾರೆ.