ತೆರೆಯ ಮೇಲಿನ ಕೋವಿ



ಕಳೆದ ಬೇಸಿಗೆಯ ರಜೆಯಲ್ಲಿ ನಾವು ಮಲೆನಾಡಿನ ಬಂಧುಗಳ ಮನೆಗೆ ಹೋಗಿದ್ದೆವು. ಅಲ್ಲಿಯ ಮಕ್ಕಳು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಎಂಬ ಹಳೆಯ ಧಾರಾವಾಹಿಯ ಕಂತುಗಳನ್ನು ನೋಡುತ್ತ ಕುಳಿತಿದ್ದರು. ೧೯೯೦ರಲ್ಲಿ ದೂರದರ್ಶನದಲ್ಲಿ ಅದು ಮೊದಲು ಪ್ರಸಾರವಾದಾಗ ನಾವೂ ನೆರೆಮನೆಯ ಪಡಸಾಲೆಯಲ್ಲಿ ಕುಳಿತು ನೋಡಿದ್ದುಂಟು. ಅಂದು ನಮಗೆ ಹೊಳೆಯದ ಪ್ರಶ್ನೆಯನ್ನು ಹತ್ತು ವರ್ಷದ ಬಾಲಕನೊಬ್ಬ ಕೇಳಿದ: "ಈ ಕೋವಿಗಳು ನಿಜವಾದವೇ? ನಮ್ಮ ಅಟ್ಟದ ಮೇಲಿರುವುದೂ ಇಂಥದೇ ಅಲ್ಲವೇ?"

ಮೊದಲನೆಯ ಪ್ರಶ್ನೆಗೆ ಅಲ್ಲಿಯೇ ಉತ್ತರಿಸಿದೆವು. ಐತಿಹಾಸಿಕ ಚಿತ್ರೀಕರಣಗಳಲ್ಲಿ ದೂರದ ಸಾಲಿನ ಸೈನಿಕರಿಗೆ ಮರದ ಅಥವಾ ರಬ್ಬರಿನ ಕೋವಿಗಳನ್ನು ಕೊಡುವುದು ರೂಢಿ. ಮುಂದಿನ ಸಾಲಿನವರ ಕೈಯಲ್ಲಿ ಮಾತ್ರ ಹಳೆಯ ಮಾದರಿಯನ್ನು ಅನುಸರಿಸಿ ಹೊಸದಾಗಿ ಮಾಡಿದ, ಮದ್ದು ತುಂಬಿದರೆ ಸಿಡಿಯುವಂಥ ಕೋವಿಗಳಿರುತ್ತವೆ.

ಟಿಪ್ಪುವಿನ ಕಾಲದ ಕೋವಿಯೆಂದರೆ ಮುಖ್ಯವಾಗಿ ಚಕಮಕಿಯ ಕೋವಿ. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರುತ್ತದೆ. ಕಿಡಿಯು ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ತಾಗಿ, ಅಲ್ಲಿಂದ ಸಣ್ಣ ರಂಧ್ರದ ಮೂಲಕ ನಳಿಗೆಯ ಒಳಗಿನ ಮದ್ದನ್ನು ಹೊತ್ತಿಸುತ್ತದೆ. ಶ್ರೀರಂಗಪಟ್ಟಣದ ಕಮ್ಮಟಗಳಲ್ಲಿ ಹುಲಿಯ ಚಿಹ್ನೆಯೊಡನೆ ತಯಾರಾದ ಇಂಥ ಕೋವಿಗಳು ಇಂಗ್ಲೆಂಡಿನ ಸಂಗ್ರಹಗಳಲ್ಲಿ ಇಂದಿಗೂ ಉಳಿದಿವೆ. ಅವುಗಳ ಕೆಲಸಗಾರಿಕೆಯ ಮುಂದೆ ಬ್ರಿಟಿಷ್ ಸಿಪಾಯಿಯ 'ಬ್ರೌನ್ ಬೆಸ್' ಕೋವಿ ಕಬ್ಬಿಣದ ಕೊಳವೆಯಂತೆ ಕಂಡರೆ ಆಶ್ಚರ್ಯವಿಲ್ಲ. ಬಟ್ಟಲಿನ ಬದಲು ಕೇಪನ್ನಿಡುವ ಪದ್ಧತಿ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೦೭ರಲ್ಲಿ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪಡೆದ ಪೇಟೆಂಟೇ ಅದರ ಬೀಜ. ಆದುದರಿಂದ ೧೭೯೯ರ ಮೇ ೪ರಂದು ನಡೆದ ಶ್ರೀರಂಗಪಟ್ಟಣದ ಪತನವನ್ನು ತೋರಿಸುವಾಗ ಕೇಪಿನ ಕೋವಿಯೋ ತೋಟೆಯ ಕೋವಿಯೋ ಕಾಣಿಸಿಕೊಂಡರೆ, ಅದು ಬಸ್ಸು ಹತ್ತಿ ಯುದ್ಧಕ್ಕೆ ಬಂದಂತೆಯೇ ಸರಿ.

ಆದರೆ ಇದಕ್ಕಿಂತ ದೊಡ್ಡ ತಪ್ಪೊಂದಿದೆ. ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ತೆರೆಯ ಮೇಲಿನ ವೀರನು ಗುಂಡು ಹಾರಿಸಿ, ಮರುಕ್ಷಣವೇ ಮತ್ತೊಂದನ್ನು ಹಾರಿಸುತ್ತಾನೆ. ನಿಜವಾದ ಸಿಪಾಯಿಯು ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ, ಉಳಿದುದನ್ನು ಗುಂಡಿನೊಡನೆ ನಳಿಗೆಗೆ ಸುರಿದು, ಗಜದ ಕೋಲಿನಿಂದ ಜಡಿಯಬೇಕಿತ್ತು. ನುರಿತವನೂ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು. ನೂರು ಗಜ ದೂರಕ್ಕೆ ಗುರಿ ತಪ್ಪುತ್ತಿತ್ತು. ಮಳೆ ಬಂದರೆ ಮದ್ದು ತೊಯ್ದು ಕೋವಿ ದೊಣ್ಣೆಯಾಗುತ್ತಿತ್ತು. ಸಿಪಾಯಿಗಳು ಸಾಲಾಗಿ ಏಕೆ ನಿಂತರು, ಕೋವಿ ಇದ್ದೂ ಖಡ್ಗವೇಕೆ ಬೇಕಾಯಿತು, ಮೈಸೂರಿನ ಅಗ್ನಿಬಾಣಗಳಿಗೆ ಶತ್ರುಗಳು ಏಕೆ ಬೆದರಿದರು ಎಂಬುದೆಲ್ಲ ಈ ನಿಧಾನದಲ್ಲಿಯೇ ಅಡಗಿದೆ. ಆ ನಿಧಾನವನ್ನು ಕತ್ತರಿಸಿದ ನಿರ್ದೇಶಕನು ಯುದ್ಧದ ಕಾರಣವನ್ನೇ ಕತ್ತರಿಸಿದಂತೆ. ಅಗ್ನಿಬಾಣಗಳನ್ನು ಕಣ್ಣಾರೆ ಕಾಣಬಯಸುವವರು ಶಿವಮೊಗ್ಗಕ್ಕೆ ಹೋಗಬಹುದು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿನ, ಅಂದರೆ ಇಂದಿನ ನಗರದ, ಪಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ಅವು ಸಾವಿರಕ್ಕೂ ಮಿಕ್ಕಿ ದೊರೆತವು.

ಗುಂಡಿಲ್ಲದ ಕೋವಿ ನಿರಪಾಯವೆಂಬುದು ಮತ್ತೊಂದು ಭ್ರಮೆ. ಚಕಮಕಿಯ ಕೋವಿಯ ಬಟ್ಟಲು ಬಲಗಡೆಗೆ ಇರುವುದರಿಂದ ಅದರ ಬೆಂಕಿ ಪಕ್ಕದವನ ಕೆನ್ನೆಗೆ ಸಿಡಿಯುತ್ತದೆ. ಜಡಿದ ಗಜವನ್ನು ತೆಗೆಯಲು ಮರೆತರೆ ಅದೇ ಬಾಣವಾಗಿ ಹಾರುತ್ತದೆ. ಅದಕ್ಕಾಗಿ ಮದ್ದು ಸಿಡಿಸುವ ದೃಶ್ಯದಲ್ಲಿ ಗಜವನ್ನೇ ಬಳಸದಿರುವುದು ಬಲ್ಲವರ ನಿಯಮ. ೧೯೮೪ರಲ್ಲಿ ಅಮೆರಿಕದ ದೂರದರ್ಶನ ನಟ ಜಾನ್ ಎರಿಕ್ ಹೆಕ್ಸಮ್, ಬರಿಯ ಮದ್ದಿನ ತೋಟೆಯಿದ್ದ ಪಿಸ್ತೂಲನ್ನು ವಿನೋದಕ್ಕಾಗಿ ತಲೆಗೆ ಹಿಡಿದು ಕುದುರೆಯೆಳೆದು ಪ್ರಾಣ ಕಳೆದುಕೊಂಡನು. ೨೦೨೧ರಲ್ಲಿ 'ರಸ್ಟ್' ಎಂಬ ಐತಿಹಾಸಿಕ ಚಿತ್ರದ ಸಿದ್ಧತೆಯ ವೇಳೆ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಬಲಿಯಾದಳು. ಅಲ್ಲಿದ್ದುದು ನಿಜವಾದ ಗುಂಡು.

ಆ ಮಕ್ಕಳು ನೋಡುತ್ತಿದ್ದ ಧಾರಾವಾಹಿಯ ಹಿಂದೆಯೂ ಒಂದು ದುರಂತವಿದೆ. ೧೯೮೯ರ ಫೆಬ್ರವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣ ನಡೆದಿದ್ದಾಗ ಬೆಂಕಿ ಹೊತ್ತಿಕೊಂಡು ೬೨ ಜನ ಮಡಿದರು. ನಾಯಕನೂ ನಿರ್ದೇಶಕನೂ ಆದ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ಬಹುಕಾಲ ಆಸ್ಪತ್ರೆಯಲ್ಲಿದ್ದರು. ಅದು ಕೋವಿಯ ದೋಷವಲ್ಲ. ಗಾಳಿಯಾಡದ ಮಂಟಪ, ಗೋಡೆಗೆ ಹೊದಿಸಿದ್ದ ಗೋಣಿತಾಟು, ಕಾದ ದೀಪಗಳು, ಇವುಗಳ ಮಾತು ಆಗ ಬಂದಿತ್ತು. ಮಡಿದವರಲ್ಲಿ ಬಹುಮಂದಿಯ ಹೆಸರನ್ನು ಇಂದು ನೆನೆಯುವವರಿಲ್ಲವೆಂಬುದು ನಮಗೆ ಖೇದದ ಸಂಗತಿ.

ಇನ್ನು ಬಾಲಕನ ಎರಡನೆಯ ಪ್ರಶ್ನೆ. ಅಟ್ಟದ ಮೇಲಿನ ಕೋವಿ ಅಜ್ಜನ ಕಾಲದ್ದು, ತುಕ್ಕು ಹಿಡಿದದ್ದು, ಕೇಪಿನದು. "ಅದರಲ್ಲೇನಿದೆ, ಬರೀ ಕಬ್ಬಿಣ," ಎಂದರು ಯಜಮಾನರು. ಪೆಟ್ಟಿಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಕರಿಮದ್ದು ಒಣಗಿದ ನಳಿಗೆಯಲ್ಲಿ ನೂರು ವರ್ಷ ಕಳೆದರೂ ಸತ್ತುಹೋಗುವುದಿಲ್ಲವೆಂದು ನಾವು ಹೇಳಿದೆವು. ಅವರು ನಕ್ಕರು. ಆದರೂ ಮಕ್ಕಳ ಕೈಗೆ ಸಿಗದಂತೆ ಕೋಣೆಗೆ ಬೀಗ ಹಾಕಿಸಿ, ಠಾಣೆಗೆ ತಿಳಿಸಿ, ಪರವಾನಗಿಯುಳ್ಳ ಕೋವಿ ದುರಸ್ತಿಗಾರರೊಬ್ಬರನ್ನು ಕರೆಸಿದರು. ಅವರು ಗಜದ ಕೋಲನ್ನು ಮೊದಲು ನಳಿಗೆಯ ಹೊರಗೆ ಉದ್ದಕ್ಕೂ ಇಟ್ಟು ಅಳೆದು ಗುರುತು ಮಾಡಿಕೊಂಡರು. ಬಳಿಕ ಒಳಗೆ ಇಳಿಬಿಟ್ಟರು. ಕೋಲು ತಳ ಮುಟ್ಟಲಿಲ್ಲ. ನಾಲ್ಕು ಬೆರಳು ಮೇಲೆಯೇ ನಿಂತಿತು.